ಮಗ್ಗುಲು ಬದಲಿಸುವ ಮಂಚ

೧

ದೀರ್ಘವ್ಯಾಧಿಗೆ ಗುರಿಯಾದವರನ್ನು ಕುರಿತು ನಾವು ‘ಹಾಸಿಗೆ ಹಿಡಿದಿದ್ದಾರೆ’ ಎನ್ನುತ್ತೇವೆ. ಶಾರೀರಶಾಸ್ತ್ರದ ದೃಷ್ಟಿಯಿಂದ ಈ ನುಡಿಗಟ್ಟನ್ನು ತಿರುಗಿಸಿ, ಹಾಸಿಗೆಯೇ ರೋಗಿಯನ್ನು ಹಿಡಿದಿದೆ ಎನ್ನುವುದು ಹೆಚ್ಚು ಯುಕ್ತವಾದೀತು. ಆರೋಗ್ಯವಂತನಾದ ಮನುಷ್ಯನು ನಿದ್ರೆಯಲ್ಲಿಯೂ ತನ್ನ ಅರಿವಿಲ್ಲದೆ ಹಲವು ಸಲ ಮಗ್ಗುಲು ಬದಲಿಸುತ್ತಾನೆ. ಒಂದೆಡೆ ಒತ್ತಿಹೋದ ಅಂಗವು ಮಿದುಳಿಗೆ ಸಂಜ್ಞೆ ಕಳುಹಿಸುತ್ತದೆ. ಮಿದುಳು ದೇಹವನ್ನು ಹೊರಳಿಸುತ್ತದೆ. ಪಾರ್ಶ್ವವಾಯುವಿನಿಂದಲೋ ಬೆನ್ನುಹುರಿಗೆ ಬಿದ್ದ ಪೆಟ್ಟಿನಿಂದಲೋ ತೀರ ಮುಪ್ಪಿನ ನಿಶ್ಶಕ್ತಿಯಿಂದಲೋ ಈ ವ್ಯವಹಾರವು ಕಡಿದುಹೋದಾಗ, ರೋಗಿಯ ಪರವಾಗಿ ಹೊರಳಿಸುವ ಕೆಲಸವನ್ನು ಮತ್ತೊಬ್ಬರ ಕೈ ಮಾಡಬೇಕು, ಇಲ್ಲವೆ ಒಂದು ಯಂತ್ರ ಮಾಡಬೇಕು. ಹಾಗೆ ಮಾಡಲೆಂದು ರಚಿತವಾದ ಮಂಚಗಳ ತತ್ತ್ವವನ್ನೂ, ಅವುಗಳಿಂದ ನಮ್ಮ ಮನೆಗಳಲ್ಲಿ ಎಷ್ಟನ್ನು ನಿರೀಕ್ಷಿಸಬಹುದು ಎಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯವು ದೂರದ್ದಲ್ಲ. ಕಳೆದ ಶತಮಾನದ ಅರುವತ್ತು ಎಪ್ಪತ್ತರ ದಶಕಗಳಲ್ಲಿ ಹೋಟೆಲು, ಬ್ಯಾಂಕು, ಗಿರಣಿ, ಕಚೇರಿಗಳ ಉದ್ಯೋಗಕ್ಕಾಗಿ ಮುಂಬಯಿಗೆ ಬಂದು, ಅಗ್ಗದ ವಸತಿಯನ್ನು ಅರಸಿ ಈ ಊರುಗಳಿಗೆ ಸರಿದ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಆಸ್ಪತ್ರೆಯಿಂದ ರೋಗಿಯನ್ನು ಬಿಡುಗಡೆ ಮಾಡುವ ದಿನ, ‘ಮನೆಯಲ್ಲಿ ಹಾಸ್ಪಿಟಲ್ ಬೆಡ್ ಹಾಕಿಸಿಕೊಳ್ಳಿ’ ಎಂಬ ಸಲಹೆ ದೊರೆಯುತ್ತದೆ. ಮಗನು ಸರ್ಜಿಕಲ್ ಅಂಗಡಿಗೆ ಹೋಗಿ, ಠೇವಣಿ ಇಟ್ಟು, ತಿಂಗಳ ಬಾಡಿಗೆಗೆ ಒಂದು ಮಂಚವನ್ನು ತರುತ್ತಾನೆ. ಮುಖ್ಯವಾದ ವ್ಯವಸ್ಥೆಯೆಲ್ಲ ಆಯಿತೆಂದು ಮನೆಯವರು ಭಾವಿಸುತ್ತಾರೆ. ವಾಸ್ತವವಾಗಿ ಹಾಗೆ ತಂದ ಮಂಚವು ಹೆಚ್ಚಿನ ಸಂದರ್ಭಗಳಲ್ಲಿ ರೋಗಿಯನ್ನು ಹೊರಳಿಸುವ ಮಂಚವೇ ಅಲ್ಲ. ಕೆಲವೇ ವಾರಗಳಲ್ಲಿ ಸೊಂಟದ ಹಿಂಬದಿಯಲ್ಲಿ ಹುಣ್ಣು ಕಾಣಿಸಿಕೊಂಡಾಗ, ಅದರ ದೋಷವು ಮನೆಯಲ್ಲಿರುವ ಹೆಂಗಸಿನ ಮೇಲೆ ಬೀಳುತ್ತದೆ. ಆದಕಾರಣ ಈ ಮಂಚಗಳ ಭೇದವನ್ನು ತಿಳಿಯುವುದು ಬರಿಯ ಕುತೂಹಲದ ಮಾತಲ್ಲ.

೨

ಮೊದಲು ಹಾಸಿಗೆ ಹುಣ್ಣಿನ ಕಾರಣವನ್ನು ನೋಡೋಣ. ನಮ್ಮ ಚರ್ಮಕ್ಕೂ ಅದರ ಕೆಳಗಿನ ಮಾಂಸಕ್ಕೂ ಅತಿ ಸೂಕ್ಷ್ಮವಾದ ಲೋಮನಾಳಗಳ ಮೂಲಕ ರಕ್ತವು ಒದಗುತ್ತದೆ. ೧೯೩೦ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿಯು ಈ ನಾಳಗಳ ಒತ್ತಡವನ್ನು ಅಳೆದು, ರಕ್ತವು ಪ್ರವೇಶಿಸುವ ತುದಿಯಲ್ಲಿ ಅದು ಪಾದರಸದ ಸುಮಾರು ೩೨ ಮಿಲಿಮೀಟರಿನಷ್ಟು ಎಂದು ತೋರಿಸಿದನು. ಎಲುಬು ಉಬ್ಬಿರುವ ಕಡೆ, ಅಂದರೆ ತ್ರಿಕಾಸ್ಥಿ, ಹಿಮ್ಮಡಿ, ತೊಡೆಯೆಲುಬಿನ ಮೇಲ್ತುದಿ, ಭುಜದ ಹಲಗೆ ಮುಂತಾದೆಡೆ, ದೇಹಭಾರದಿಂದುಂಟಾಗುವ ಒತ್ತಡವು ಇದನ್ನು ಸುಲಭವಾಗಿ ಮೀರಬಲ್ಲದು. ರಕ್ತವು ನಿಂತ ಮಾಂಸವು ಉಸಿರುಕಟ್ಟಿದಂತಾಗಿ ಕ್ರಮೇಣ ಸಾಯುತ್ತದೆ. ೧೯೫೯ರಲ್ಲಿ ಮೈಕೆಲ್ ಕೋಸಿಯಾಕ್ ಎಂಬ ವೈದ್ಯನು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ನೊಂದು ಸಂಗತಿ ಸ್ಪಷ್ಟವಾಯಿತು: ಹೆಚ್ಚು ಒತ್ತಡವು ಅಲ್ಪಕಾಲದಲ್ಲಿ ಮಾಡುವ ಹಾನಿಯನ್ನು ಕಡಿಮೆ ಒತ್ತಡವು ದೀರ್ಘಕಾಲದಲ್ಲಿ ಮಾಡುತ್ತದೆ. ಒತ್ತಡ ಮತ್ತು ಕಾಲ ಎಂಬ ಈ ಎರಡು ಅಂಶಗಳನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಹೇಳುವ ಎಲ್ಲ ಸಾಧನಗಳ ಗುಣದೋಷಗಳನ್ನು ವಾಚಕರು ತಾವೇ ನಿರ್ಣಯಿಸಬಹುದು. ಕೆಲವು ಸಾಧನಗಳು ಒತ್ತಡವನ್ನು ತಗ್ಗಿಸುತ್ತವೆ. ಕೆಲವು ಕಾಲವನ್ನು ಮೊಟಕುಗೊಳಿಸುತ್ತವೆ.

ಮೂರನೆಯದೊಂದು ಶತ್ರುವೂ ಉಂಟು; ಅದು ಜಾರಾಟ. ರೋಗಿಯ ತಲೆಯ ಭಾಗವನ್ನು ಎತ್ತಿ ಕೂರಿಸಿದಾಗ ಎಲುಬುಗೂಡು ಕೆಳಕ್ಕೆ ಜಾರುತ್ತದೆ, ಚರ್ಮವು ಹೊದಿಕೆಗೆ ಅಂಟಿ ಅಲ್ಲಿಯೇ ನಿಲ್ಲುತ್ತದೆ. ಇವೆರಡರ ನಡುವಿನ ರಕ್ತನಾಳಗಳು ಓರೆಯಾಗಿ ಎಳೆಯಲ್ಪಟ್ಟು ಮುಚ್ಚಿಹೋಗುತ್ತವೆ. ಬೆವರು, ಮೂತ್ರ ಮೊದಲಾದುವುಗಳ ತೇವವು ಸೇರಿದರೆ ಹಾನಿಯು ಇಮ್ಮಡಿಯಾಗುತ್ತದೆ. ಮುಂಬಯಿ ಪ್ರಾಂತದ ಮಳೆಗಾಲದ ಜಿಗುಟು ಹವೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೩

ಈ ಶತ್ರುಗಳನ್ನು ಎದುರಿಸುವ ಪ್ರಯತ್ನವು ಹಳೆಯದು. ೧೮೩೨ರಲ್ಲಿ ನೀಲ್ ಆರ್ನಟ್ ಎಂಬ ಸ್ಕಾಟಿಷ್ ವೈದ್ಯನು, ನೀರು ತುಂಬಿದ ತೊಟ್ಟಿಯ ಮೇಲೆ ರಬ್ಬರು ಲೇಪಿಸಿದ ಬಟ್ಟೆಯನ್ನು ಹರಡಿ, ಅದರ ಮೇಲೆ ರೋಗಿಯನ್ನು ತೇಲಿಸುವ ಜಲಶಯ್ಯೆಯನ್ನು ರಚಿಸಿದನು. ಅದರಿಂದ ಜನೋಪಕಾರವಾಗಲೆಂದು ಅವನು ಪೇಟೆಂಟನ್ನು ಪಡೆಯಲಿಲ್ಲ. ಹಾಸಿಗೆ ಹುಣ್ಣು ಸಾಮಾನ್ಯವಾಗಿ ರೋಗದ ಫಲವಲ್ಲ, ಶುಶ್ರೂಷೆಯ ಲೋಪ ಎಂಬ ಅಭಿಪ್ರಾಯವನ್ನು ೧೮೫೯ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ವ್ಯಕ್ತಪಡಿಸಿದಳು. ಅಂಥ ಹುಣ್ಣುಗಳಲ್ಲಿ ಎಲ್ಲವನ್ನೂ ತಡೆಯಲಾಗದೆಂದು ಇಂದು ವೈದ್ಯರು ಒಪ್ಪುತ್ತಾರೆ. ಆದರೂ ಬಹುಭಾಗವನ್ನು ತಡೆಯಬಹುದೆಂಬ ಆಕೆಯ ಮಾತಿನ ತಿರುಳು ಉಳಿದುಕೊಂಡಿದೆ.

ಹೊರಳಿಸುವಿಕೆಯನ್ನು ಒಂದು ಶಿಸ್ತಾಗಿ ಸ್ಥಾಪಿಸಿದ ಕೀರ್ತಿಯು ಮುಖ್ಯವಾಗಿ ಡಾಕ್ಟರ್ ಲುಡ್‌ವಿಗ್ ಗುಟ್‌ಮನ್ನನಿಗೆ ಸಲ್ಲತಕ್ಕದ್ದು. ನಾಜಿಗಳ ಕಾಟದಿಂದ ೧೯೩೯ರಲ್ಲಿ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಬಂದ ಈ ಯೆಹೂದಿ ವೈದ್ಯನು, ೧೯೪೪ರ ಫೆಬ್ರುವರಿ ೧ರಂದು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಗಾಯಾಳುಗಳ ವಿಭಾಗವನ್ನು ಆರಂಭಿಸಿದನು. ಅದಕ್ಕೆ ಮೊದಲು ಅಂಥ ಸೈನಿಕರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣಿನ ವಿಷದಿಂದಲೋ ಮೂತ್ರಕೋಶದ ಸೋಂಕಿನಿಂದಲೋ ಬೇಗನೆ ಸಾಯುತ್ತಿದ್ದರು. ಗುಟ್‌ಮನ್ನನು ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯನ್ನೂ ಹೊರಳಿಸಬೇಕೆಂದು ಕಟ್ಟುನಿಟ್ಟಾಗಿ ವಿಧಿಸಿದನು. ಮೊದಲಲ್ಲಿ ಈ ಕಾರ್ಯವು ಆಳುಗಳ ತೋಳ್ಬಲದಿಂದಲೇ ನಡೆಯಿತು. ಮಲಗಿದಲ್ಲೇ ಸಾಯತಕ್ಕವರೆಂದು ಎಣಿಸಲ್ಪಟ್ಟವರು ೧೯೪೮ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಿಂದ ಬಿಲ್ಲುವಿದ್ಯೆಯ ಪಂದ್ಯವಾಡಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಮೂಲ ಅದು.

ತೋಳ್ಬಲದ ಸ್ಥಾನದಲ್ಲಿ ಯಂತ್ರವನ್ನು ತರುವ ಯತ್ನಗಳು ಅದೇ ಕಾಲದಲ್ಲಿ ನಡೆದವು. ಅಮೆರಿಕದ ಮಿಶಿಗನ್ ಪ್ರಾಂತದ ಕಲಮಝೂ ನಗರದಲ್ಲಿದ್ದ ಡಾಕ್ಟರ್ ಹೋಮರ್ ಸ್ಟ್ರೈಕರನು ಒಂದು ಹೊರಳು ಚೌಕಟ್ಟನ್ನು ನಿರ್ಮಿಸಿದನು. ರೋಗಿಯನ್ನು ಎರಡು ಕ್ಯಾನ್ವಾಸು ಚೌಕಟ್ಟುಗಳ ನಡುವೆ ಬಿಗಿದು, ಉದ್ದುದ್ದದ ಅಕ್ಷದ ಮೇಲೆ ತಿರುಗಿಸಿದರೆ ಅವನು ಕ್ಷಣಮಾತ್ರದಲ್ಲಿ ಅಂಗಾತದಿಂದ ಬೋರಲಾಗುತ್ತಿದ್ದನು. ಮುರಿದ ಬೆನ್ನೆಲುಬು ಮಾತ್ರ ಅಲುಗುತ್ತಿರಲಿಲ್ಲ. ೧೯೫೮ರಲ್ಲಿ ಬಂದ ಸರ್ಕೊಲೆಕ್ಟ್ರಿಕ್ ಮಂಚವು ಎರಡು ದೊಡ್ಡ ವೃತ್ತಗಳೊಳಗೆ ಹಾಸಿಗೆಯನ್ನಿಟ್ಟು, ವಿದ್ಯುತ್ ಮೋಟಾರಿನಿಂದ ರೋಗಿಯನ್ನು ತಲೆಗಾಲಾಗಿ ಸುತ್ತಿಸುತ್ತಿತ್ತು. ಸ್ಟೋಕ್ ಮ್ಯಾಂಡೆವಿಲ್ಲಿನ ಹೆಸರನ್ನೇ ಹೊತ್ತ ಎಗರ್ಟನ್ ಮಂಚದಲ್ಲಿ ಹಾಸಿಗೆಯು ಉದ್ದಕ್ಕೆ ಭಾಗವಾಗಿದ್ದು, ಒಂದು ಬದಿ ಮೇಲೆದ್ದು ರೋಗಿಯನ್ನು ಮತ್ತೊಂದು ಮಗ್ಗುಲಿಗೆ ವಾಲಿಸುತ್ತಿತ್ತು. ೧೯೬೭ರಲ್ಲಿ ಐರ್ಲೆಂಡಿನ ವೈದ್ಯ ಕೀನ್ ಎಂಬವನು ‘ರೋಟೊ-ರೆಸ್ಟ್’ ಎಂಬ ಮಂಚವನ್ನು ಬಣ್ಣಿಸಿ ಬರೆದನು. ತೊಟ್ಟಿಲಿನಂತೆ ನಿರಂತರವಾಗಿ ಅತ್ತಿತ್ತ ತೂಗುವುದು ಇದರ ವೈಶಿಷ್ಟ್ಯ. ಅದರ ಈಚಿನ ರೂಪಗಳು ಒಂದೊಂದು ಪಾರ್ಶ್ವಕ್ಕೆ ೬೨ ಡಿಗ್ರಿಯವರೆಗೂ ವಾಲಬಲ್ಲವು. ತೀವ್ರನಿಗಾ ಘಟಕಗಳಲ್ಲಿ ಶ್ವಾಸಕೋಶದ ಕಫವು ಒಂದೆಡೆ ನಿಲ್ಲದಂತೆ ಮಾಡಲು ಇಂಥ ಮಂಚಗಳನ್ನು ಬಳಸುವುದುಂಟು.

೪

ಇನ್ನು ನಮ್ಮ ಅಂಗಡಿಗಳಲ್ಲಿ ದೊರೆಯುವ ಸಾಧನಗಳನ್ನು ನೋಡೋಣ. ಅವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ‘ಫೌಲರ್ ಬೆಡ್’ ಅಥವಾ ‘ಸೆಮಿ ಫೌಲರ್’. ಸುಮಾರು ಆರೂವರೆ ಅಡಿ ಉದ್ದ, ಮೂರು ಅಡಿ ಅಗಲದ ಕಬ್ಬಿಣದ ಮಂಚ. ಕಾಲ ದೆಸೆಯಲ್ಲಿರುವ ಹಿಡಿಕೆಯನ್ನು ತಿರುವಿದರೆ ತಲೆಯ ಭಾಗವು ಏಳುತ್ತದೆ, ಇನ್ನೊಂದನ್ನು ತಿರುವಿದರೆ ಮೊಣಕಾಲಿನ ಭಾಗವು ಏಳುತ್ತದೆ. ಈ ಹೆಸರು ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ರೈಯರ್ಸನ್ ಫೌಲರನಿಂದ ಬಂದುದು. ಹೊಟ್ಟೆಯೊಳಗಿನ ಕೀವು ಕೆಳಕ್ಕೆ ಇಳಿಯಲೆಂದು ರೋಗಿಯನ್ನು ಒರಗಿಸಿ ಕೂರಿಸುವ ಪದ್ಧತಿಯನ್ನು ಅವನು ೧೯೦೦ರ ಸುಮಾರಿಗೆ ಪ್ರಚಾರಕ್ಕೆ ತಂದನು. ೧೯೦೯ರಲ್ಲಿ ವಿಲಿಸ್ ಗ್ಯಾಚ್ ಎಂಬವನು ಮಡಿಸುವ ಮಂಚವನ್ನು ರಚಿಸಿದನು. ಹೀಗೆ ಹಾಸಿಗೆ ಹುಣ್ಣನ್ನು ತಡೆಯುವುದು ಈ ಮಂಚದ ಹುಟ್ಟಿನ ಉದ್ದೇಶವಾಗಿರಲಿಲ್ಲ. ಉಣಿಸುವುದಕ್ಕೂ ಉಸಿರಾಟದ ಸುಖಕ್ಕೂ ಸೇವೆ ಮಾಡುವವರ ಬೆನ್ನಿನ ರಕ್ಷಣೆಗೂ ಇದು ಉಪಯುಕ್ತವೇ ಸರಿ. ಆದರೆ ಇದು ಮಗ್ಗುಲನ್ನು ಬದಲಿಸುವುದಿಲ್ಲ. ತಲೆಯ ಭಾಗವನ್ನು ದಿನವೆಲ್ಲ ಎತ್ತಿಯೇ ಇಟ್ಟರೆ, ಮೇಲೆ ಹೇಳಿದ ಜಾರಾಟದಿಂದ ಹುಣ್ಣಿಗೆ ಇದೇ ದಾರಿಮಾಡಿಕೊಡುತ್ತದೆ. ಊಟದ ವೇಳೆಯ ಹೊರತು, ವೈದ್ಯರ ಬೇರೆ ಆದೇಶವಿಲ್ಲದಿದ್ದರೆ, ೩೦ ಡಿಗ್ರಿಯನ್ನು ಮೀರದಿರುವುದು ಲೇಸು; ತಲೆಯನ್ನು ಎತ್ತುವ ಮೊದಲು ಮೊಣಕಾಲಿನ ಭಾಗವನ್ನು ತುಸು ಎತ್ತಿದರೆ ಜಾರಾಟವು ತಗ್ಗುತ್ತದೆ.

ಎರಡನೆಯದು ‘ಏರ್ ಬೆಡ್’. ವಸ್ತುತಃ ಇದು ಮಂಚವಲ್ಲ, ಹಾಸು. ಒಂದು ಚಿಕ್ಕ ಪಂಪು ಇದರ ಗಾಳಿಯ ಕೋಶಗಳನ್ನು ಸರದಿಯಂತೆ ಉಬ್ಬಿಸುತ್ತಲೂ ಇಳಿಸುತ್ತಲೂ ಇರುತ್ತದೆ. ಸಾಮಾನ್ಯವಾಗಿ ಒಂದು ಆವರ್ತಕ್ಕೆ ಸುಮಾರು ಹತ್ತು ನಿಮಿಷ. ಒಂದೇ ಬಿಂದುವಿನ ಮೇಲೆ ಒತ್ತಡವು ನಿಲ್ಲದಂತೆ ಇದು ನೋಡಿಕೊಳ್ಳುತ್ತದೆ; ಆದರೆ ದೇಹವು ಇದ್ದಲ್ಲಿಯೇ ಇರುತ್ತದೆ. ಇದರ ಮೇಲೆ ದಪ್ಪ ದುಪ್ಪಟಿಗಳನ್ನೂ ರಬ್ಬರ್ ಶೀಟನ್ನೂ ಪೇರಿಸಿದರೆ ಅದರ ಪ್ರಯೋಜನವೇ ನಷ್ಟವಾಗುತ್ತದೆ. ರೋಗಿಯ ಸೊಂಟದ ನೇರಕ್ಕೆ, ಹಾಸಿನ ಕೆಳಗೆ ಅಂಗೈಯನ್ನು ಚಾಚಿ ನೋಡಬೇಕು. ಎಲುಬು ಕೈಗೆ ತಗಲುವಂತಿದ್ದರೆ ಗಾಳಿ ಸಾಲದು ಎಂದರ್ಥ.

ಮೂರನೆಯದು ಪಾರ್ಶ್ವಕ್ಕೆ ವಾಲಿಸುವ ಮಂಚ ಅಥವಾ ಹಾಸು. ಮಂಚವಾದರೆ ಹಲಗೆಯ ಎಡಬಲ ಭಾಗಗಳು ಹಿಡಿಕೆಯಿಂದಲೋ ಮೋಟಾರಿನಿಂದಲೋ ಮೇಲೇಳುತ್ತವೆ. ಹಾಸಾದರೆ ಎಡಬಲದ ಉದ್ದ ಚೀಲಗಳು ಸರದಿಯಿಂದ ಗಾಳಿ ತುಂಬಿಕೊಳ್ಳುತ್ತವೆ. ನಿಜವಾದ ಅರ್ಥದಲ್ಲಿ ಮನೆಗೆ ಒದಗುವ ‘ಹೊರಳಿಸುವ’ ಸಾಧನ ಇದೊಂದೇ. ಇವು ಭಾರತದಲ್ಲಿಯೂ ದೊರೆಯುತ್ತವೆ. ಬೆಲೆ ಹೆಚ್ಚು, ಬಾಡಿಗೆಗೆ ಸಿಗುವುದು ಅಪರೂಪ. ನಾಲ್ಕನೆಯದು ಆಸ್ಪತ್ರೆಯ ತೀವ್ರನಿಗಾ ಘಟಕದ ನಿರಂತರ ಆವರ್ತನದ ಮಂಚ. ಅದು ಗೃಹಕೃತ್ಯಕ್ಕೆ ಸೇರಿದ್ದಲ್ಲ.

ಮೂರನೆಯ ವರ್ಗದ ಮಂಚವನ್ನು ತಂದವರೂ ಒಂದು ಮಾತನ್ನು ಮರೆಯಬಾರದು. ಹಾಸಿಗೆಯು ವಾಲಿದಾಗ ರೋಗಿಯು ಕಂಬಿಯ ಕಡೆಗೆ ಜಾರಬಹುದು. ಹಾಸಿಗೂ ಕಂಬಿಗೂ ನಡುವಿನ ಸಂದಿನಲ್ಲಿ ಕೈಯೋ ತಲೆಯೋ ಸಿಕ್ಕಿಕೊಳ್ಳಬಹುದು. ಮೂತ್ರದ ನಳಿಕೆ ಎಳೆಯಲ್ಪಡಬಹುದು. ಬೆನ್ನೆಲುಬು ಇನ್ನೂ ಕೂಡಿಕೊಳ್ಳದವರನ್ನು ವೈದ್ಯರ ಅನುಮತಿಯಿಲ್ಲದೆ ವಾಲಿಸಲೇಬಾರದು. ಯಂತ್ರವು ವಾಲಿಸಿದ ಮಾತ್ರಕ್ಕೆ ಕೈಯಿಂದ ಹೊರಳಿಸುವುದನ್ನೂ ಚರ್ಮದ ಪರೀಕ್ಷೆಯನ್ನೂ ನಿಲ್ಲಿಸುವಂತಿಲ್ಲ. ಯಂತ್ರದಿಂದ ದೊರೆಯುವ ಲಾಭವೆಂದರೆ ಎರಡು ಸರದಿಗಳ ನಡುವಿನ ಅವಕಾಶ ತುಸು ಹಿಗ್ಗುವುದು ಮತ್ತು ಒಬ್ಬರೇ ಇದ್ದಾಗ ಕೆಲಸವು ಸಾಧ್ಯವಾಗುವುದು.

೫

ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು? ಗುಟ್‌ಮನ್ನನ ಎರಡು ಗಂಟೆಯ ನಿಯಮವು ಬಹುಕಾಲ ವೇದವಾಕ್ಯದಂತೆ ನಡೆಯಿತು. ೨೦೦೫ರಲ್ಲಿ ಬೆಲ್ಜಿಯಮ್ಮಿನ ಡೆಫ್ಲೋರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಹಾಸಿನ ಮೇಲೆ ಎರಡು ಗಂಟೆಗೊಮ್ಮೆ ಹೊರಳಿಸಿದವರಿಗಿಂತ, ದೇಹದ ಆಕಾರಕ್ಕೆ ಒಗ್ಗುವ ವಿಶೇಷ ಫೋಮಿನ ಮೇಲೆ ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರಲ್ಲಿ ಹುಣ್ಣುಗಳು ಕಡಿಮೆಯಾಗಿದ್ದವು. ೨೦೧೩ರಲ್ಲಿ ಅಮೆರಿಕ ಮತ್ತು ಕೆನಡಗಳ ೨೭ ಶುಶ್ರೂಷಾಲಯಗಳಲ್ಲಿದ್ದ ೯೪೨ ವೃದ್ಧರ ಅಧ್ಯಯನವು ಪ್ರಕಟವಾಯಿತು. ಉತ್ತಮವಾದ ದಟ್ಟ ಫೋಮಿನ ಹಾಸಿನ ಮೇಲಿದ್ದವರಲ್ಲಿ ಎರಡು, ಮೂರು, ನಾಲ್ಕು ಗಂಟೆಗಳ ಅಂತರಗಳಿಂದ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಆದರೆ ಅಲ್ಲಿ ತರಬೇತಿ ಪಡೆದವರು ವೇಳೆ ತಪ್ಪದೆ ಹೊರಳಿಸುತ್ತಿದ್ದರು, ಪ್ರತಿ ಬಾರಿಯೂ ಬರೆದಿಡುತ್ತಿದ್ದರು ಎಂಬುದನ್ನು ಮರೆಯಲಾಗದು. ಇದರಿಂದ ನಮಗೆ ದೊರೆಯುವ ಪಾಠವು ಸಮಾಧಾನಕರವಾದುದು: ದುಬಾರಿ ಯಂತ್ರವಿಲ್ಲದಿದ್ದರೂ, ಒಳ್ಳೆಯ ಹಾಸು ಮತ್ತು ತಪ್ಪದ ವೇಳಾಪಟ್ಟಿ ಇವೆರಡು ಕೂಡಿದರೆ ರಾತ್ರಿಯ ಸರದಿಗಳ ನಡುವೆ ಮನೆಯವರಿಗೂ ಒಂದಿಷ್ಟು ನಿದ್ರೆ ಲಭಿಸಬಹುದು. ಅಂತರವನ್ನು ಎಷ್ಟು ಹಿಗ್ಗಿಸಬಹುದೆಂಬುದನ್ನು ವೈದ್ಯರನ್ನು ಕೇಳಿ, ರೋಗಿಯ ಚರ್ಮವನ್ನು ನೋಡಿ ನಿರ್ಧರಿಸಬೇಕು.

ಹೊರಳಿಸುವ ಕ್ರಮವೂ ಸರಳವೇ. ಹಳೆಯ ನೂಲಿನ ಸೀರೆಯೊಂದನ್ನು ಮಡಿಸಿ ಭುಜದಿಂದ ತೊಡೆಯವರೆಗೆ ರೋಗಿಯ ಕೆಳಗೆ ಹಾಸಿಡಬೇಕು. ಇಬ್ಬರು ಎರಡು ಬದಿಗಳಲ್ಲಿ ಅದನ್ನು ಹಿಡಿದು ಎತ್ತಿ ಸರಿಸಬೇಕು, ಎಂದಿಗೂ ಎಳೆಯಬಾರದು. ಪೂರ್ತಿ ಒಂದು ಮಗ್ಗುಲಿಗೆ ಮಲಗಿಸಿದರೆ ಭಾರವೆಲ್ಲ ತೊಡೆಯೆಲುಬಿನ ಉಬ್ಬಿನ ಮೇಲೆ ಬೀಳುವುದರಿಂದ, ಬೆನ್ನಿನ ಹಿಂದೆ ದಿಂಬನ್ನಿಟ್ಟು ಸುಮಾರು ೩೦ ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬನ್ನಿಟ್ಟು ಹಿಮ್ಮಡಿಗಳು ಗಾಳಿಯಲ್ಲಿ ತೇಲುವಂತೆ ಮಾಡಬೇಕು. ಬಳೆಯಾಕಾರದ ದಿಂಬನ್ನು ಬಳಸುವುದೂ, ಕೆಂಪಾದ ಜಾಗವನ್ನು ತಿಕ್ಕುವುದೂ ಹಾನಿಕರ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ, ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಬೆಚ್ಚಗೆ ಅಥವಾ ಗಟ್ಟಿಯಾಗಿ ತೋರುವ ಜಾಗವನ್ನು ಕೈಯಿಂದ ಮುಟ್ಟಿ ಗುರುತಿಸಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣವು ಬದಲಾಗದಿದ್ದರೆ ಅದೇ ಮೊದಲ ಹಂತ. ಆಗ ಆ ಭಾಗದ ಮೇಲೆ ಭಾರವು ಬೀಳದಂತೆ ನೋಡಿಕೊಂಡು ವೈದ್ಯರಿಗೆ ತಿಳಿಸಬೇಕು.

೬

ಇಷ್ಟು ಸರಳವಾದುದು ನಮ್ಮ ಊರುಗಳಲ್ಲಿ ಏಕೆ ಕಷ್ಟವಾಗುತ್ತದೆ? ಕಾರಣವು ವೈದ್ಯಶಾಸ್ತ್ರದಲ್ಲಿಲ್ಲ, ನಮ್ಮ ಜೀವನಕ್ರಮದಲ್ಲಿದೆ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸುಮಾರು ೪೮ ಕಿಲೋಮೀಟರು. ಕಲ್ಯಾಣದಿಂದ ಇನ್ನೂ ಹೆಚ್ಚು. ದುಡಿಯುವವರು ಮುಂಜಾನೆ ಹೊರಟರೆ ಮರಳುವುದು ರಾತ್ರಿ. ಹಗಲಿನ ಸರದಿಗಳೆಲ್ಲ ಅರುವತ್ತು ದಾಟಿದ ಹೆಂಡತಿಯ ಪಾಲಿಗೋ ಬ್ಯೂರೋದಿಂದ ಬರುವ ಮಾವಶಿಯ ಪಾಲಿಗೋ ಬರುತ್ತವೆ. ಲಿಫ್ಟ್ ಇಲ್ಲದ ಮೂರು ನಾಲ್ಕು ಮಾಳಿಗೆಯ ಹಳೆಯ ಕಟ್ಟಡಗಳಲ್ಲಿ ಮಂಚವನ್ನು ಬಿಚ್ಚಿ ಮೇಲೇರಿಸಬೇಕು. ಒಂದೇ ಕೋಣೆಯ ಮನೆಯಲ್ಲಿ ಅದರ ಎರಡು ಬದಿಗೂ ಮನುಷ್ಯರು ನಿಲ್ಲುವಷ್ಟು ಜಾಗವಿರುವುದಿಲ್ಲ. ಗೋಡೆಗೆ ಒತ್ತಿದ ಮಂಚದಲ್ಲಿ ರೋಗಿಯು ಸದಾ ಒಂದೇ ಕಡೆ ಹೊರಳುತ್ತಾನೆ. ಏರ್ ಬೆಡ್ಡಿನ ಪಂಪು ವಿದ್ಯುತ್ತನ್ನು ನಂಬಿರುತ್ತದೆ. ೨೦೦೫ರ ಜುಲೈ ೨೬ರ ಮಹಾಪೂರದಂಥ ಸಂದರ್ಭವನ್ನು ನೆನೆದರೆ, ಗಾಳಿಯ ಹಾಸಿನ ಕೆಳಗೆ ಒಂದು ಒಳ್ಳೆಯ ಫೋಮಿನ ಹಾಸಿರಲೇಬೇಕೆಂಬುದು ಮನದಟ್ಟಾಗುತ್ತದೆ.

ಹಾಸಿಗೆ ಹಿಡಿಯುವುದು ವೃದ್ಧರ ಪಾಡು ಮಾತ್ರವೂ ಅಲ್ಲ. ೨೦೨೫ರ ಜೂನ್ ೯ರಂದು ಮುಂಬ್ರಾ ನಿಲ್ದಾಣದ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳಿಂದ ಪ್ರಯಾಣಿಕರು ಹೊರಗೆ ಬಿದ್ದು ಸತ್ತುದು ಎಲ್ಲರಿಗೂ ನೆನಪಿದೆ. ಹೀಗೆ ಬಿದ್ದು ಬದುಕಿ ಉಳಿದವರಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಇಪ್ಪತ್ತು ಮೂವತ್ತರ ಪ್ರಾಯದವರಿರಬಹುದು. ಕಳವಾದ ಪಾಲಿಕೆ ಆಸ್ಪತ್ರೆ, ಸಾಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆ ಮುಂತಾದುವು ಪ್ರಾಣವನ್ನು ಉಳಿಸುತ್ತವೆ. ೧೯೫೫ರಲ್ಲಿ ಮುಂಬಯಿಯ ಹಾಜಿ ಅಲಿಯಲ್ಲಿ ಆರಂಭವಾದ ಅಖಿಲ ಭಾರತ ಭೌತಿಕ ವೈದ್ಯ ಹಾಗೂ ಪುನರ್ವಸತಿ ಸಂಸ್ಥೆಯಂಥವು ಮುಂದಿನ ಬಾಳಿಗೆ ಅಣಿಮಾಡುತ್ತವೆ. ಆದರೆ ಇವೆರಡರ ನಡುವೆಯೂ ಅನಂತರವೂ ಇರುವ ಸಾವಿರಾರು ರಾತ್ರಿಗಳು ಮನೆಯವುಗಳೇ.

ತಾಯ್ನೆಲದ ಕಡೆಗೆ ಕಣ್ಣು ಹಾಯಿಸಿದರೆ ಅಲ್ಲಿಯೂ ಇದೇ ಸಮಸ್ಯೆಯು ಇನ್ನೂ ಘೋರರೂಪದಲ್ಲಿದೆ, ಜತೆಗೆ ಒಂದು ಮಾದರಿಯೂ ಇದೆ. ಕಾಸರಗೋಡಿನ ಎಣ್ಮಕಜೆ ಮುಂತಾದ ಕನ್ನಡ ಗ್ರಾಮಗಳ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮೇ ೧೩ರಂದು ಆ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು. ೨೦೧೭ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಅಲ್ಲಿ ಹುಟ್ಟಿದಂದಿನಿಂದ ಎದ್ದು ಕೂರಲಾಗದ ಮಕ್ಕಳಿದ್ದಾರೆ. ಅವರನ್ನು ದಶಕಗಳಿಂದ ಹೊರಳಿಸುತ್ತ ಬಂದ ತಾಯಂದಿರಿದ್ದಾರೆ. ೨೦೦೮ರಲ್ಲಿ ಕೇರಳವು ಉಪಶಾಮಕ ಶುಶ್ರೂಷೆಯ ನೀತಿಯನ್ನು ಘೋಷಿಸಿದ ತರುವಾಯ, ಸ್ಥಳೀಯ ಪಂಚಾಯತಿಗಳ ಮೂಲಕ ದಾದಿಯು ಹಾಸಿಗೆ ಹಿಡಿದವರ ಮನೆಗೇ ಬರುವ ಪದ್ಧತಿಯು ಅಲ್ಲಿ ಬೇರೂರಿತು. ಶುಶ್ರೂಷೆಯು ಒಂದು ಮನೆಯ ಖಾಸಗಿ ಭಾರವಲ್ಲ, ಊರಿನ ಕರ್ತವ್ಯವೆಂಬ ಭಾವನೆ ಅದರ ಬುನಾದಿ.

ಈ ಭಾವನೆಯನ್ನು ನಮ್ಮ ಸಂಘಗಳು ಎರಡು ಕಾರ್ಯಗಳ ಮೂಲಕ ಆಚರಣೆಗೆ ತರಬಹುದು. ಮೊದಲನೆಯದು, ಸಾಧನಗಳ ಒಂದು ದಾಖಲೆಪುಸ್ತಕ. ರೋಗಿಯು ತೀರಿಕೊಂಡ ಬಳಿಕ ಕೊಂಡ ಮಂಚವೂ ಹಾಸೂ ಆ ಮನೆಗೆ ದುಃಖದ ನೆನಪಾಗಿ ಮೂಲೆಸೇರುತ್ತವೆ, ಇಲ್ಲವೆ ಗುಜರಿಗೆ ಹೋಗುತ್ತವೆ. ಯಾರಲ್ಲಿ ಯಾವ ಸಾಧನವಿದೆ, ಯಾರಿಗೆ ಯಾವುದು ಬೇಕು ಎಂಬುದನ್ನು ಬರೆದಿಟ್ಟರೆ, ಒಂದು ಮನೆ ಮಾತ್ರ ಕೊಳ್ಳಲಾಗದ ವಾಲಿಸುವ ಮಂಚವು ಹತ್ತು ಮನೆಗಳಿಗೆ ಸಲ್ಲುತ್ತದೆ. ಎರಡನೆಯದು, ಗೋಡೆಗೆ ಅಂಟಿಸುವ ಒಂದು ಪಟ್ಟಿ. ಎಡ, ಅಂಗಾತ, ಬಲ ಎಂಬ ಮೂರು ಅಂಕಣಗಳು, ಎದುರಿಗೆ ಗಂಟೆ, ಹೊರಳಿಸಿದವರ ಸಹಿ. ಲೋಕಲ್ ಗಾಡಿಯ ವೇಳೆಯನ್ನು ನಿಮಿಷದ ಲೆಕ್ಕದಲ್ಲಿ ಬಲ್ಲ ನಮ್ಮ ಮನೆಗಳಿಗೆ ಇದು ಹೊಸ ಶಿಸ್ತೇನೂ ಅಲ್ಲ.

ಆ ಪಟ್ಟಿಯು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರಬೇಕು. ನಾವು ‘ಮಗ್ಗುಲು’ ಎನ್ನುವುದನ್ನು ಮರಾಠಿಯವರು ‘ಕೂಸ್’ ಎನ್ನುತ್ತಾರೆ, ಹಿಂದಿಯವರು ‘ಕರವಟ್’ ಎನ್ನುತ್ತಾರೆ. ನಮಗೆ ಕೂಸೆಂದರೆ ಎಳೆಮಗು. ಊರಿನಿಂದ ಬಂದ ಮುದುಕಿಯು ‘ಮಗ್ಗುಲು ಮಾಡು’ ಎಂದು ಕೇಳಿದಾಗ ಅದು ಮಾವಶಿಗೆ ಅರ್ಥವಾಗದಿದ್ದರೆ, ಎರಡು ಗಂಟೆಯ ನಿಯಮವು ಅಲ್ಲಿಯೇ ತಪ್ಪುತ್ತದೆ. ಭಾಷೆಗಾಗಿ ದುಡಿಯುವ ಸಂಘಕ್ಕೆ ಈ ಒಂದು ಮಾತನ್ನು ದಾಟಿಸುವುದೂ ಸ್ವಧರ್ಮವೇ ಆಗಿದೆ. ಯಾವ ಮಂಚವನ್ನು ತಂದರೂ, ರಾತ್ರಿ ಎರಡು ಗಂಟೆಗೆ ಯಾರು ಏಳುವರು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡ ಮನೆಯಲ್ಲಿಯೇ ಅದು ಫಲ ಕೊಡುತ್ತದೆ.